ಹೊನ್ನಾವರದ ಕೋಟೆ ಹುಡುಕಲು ಹೋಗಿ ಹೊಳೆ ಹಿಡಿದ ಕಥೆ

ಕೆಲವು ವರ್ಷಗಳ ಹಿಂದೆ ಪತ್ರಿಕೆಯೊಂದರ ಪ್ರವಾಸ ಪುರವಣಿಗೆ ಹೊನ್ನಾವರದ ಬಗ್ಗೆ ನಾನೂರು ಪದ ಬರೆದುಕೊಟ್ಟಿದ್ದೆವು. ಕಡಲತೀರ, ಹಿನ್ನೀರು, ಕಾಂಡ್ಲಾ ಕಾಡು, ಎಲ್ಲಿ ಮೀನೂಟ ಚೆನ್ನಾಗಿದೆ ಎಂಬ ವಿವರ. ಕೊನೆಗೆ ಒಂದು ಸಾಲು: ‘ಊರಿನಲ್ಲಿ ಹೇಳಿಕೊಳ್ಳುವಂಥ ಹಳೆಯ ಕಟ್ಟಡಗಳೇನೂ ಉಳಿದಿಲ್ಲ.’ ಅದು ಅಚ್ಚಾದ ದಿನವೇ ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. “ಬಸ್‌ಸ್ಟ್ಯಾಂಡಲ್ಲಿ ನಿಂತು ನೋಡಿದ್ರೆ ಊರು ಹಾಂಗೇ ಕಾಣ್ತದೆ ತಮಾ. ಒಂದ್ಸಲ ಹೊಳೆಯಲ್ಲಿ ನಿಂತು ನೋಡು” ಅಂದರು.

ಆ ಮಾತು ತಲೆಯಲ್ಲಿ ಕೂತಿತ್ತು. ಕಳೆದ ಚಳಿಗಾಲದಲ್ಲಿ ನಾವು, ಅಂದರೆ ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಇಬ್ಬರು, ಒಂದು ಬೈಕು ಹಾಗೂ ಎರಡು ದಿನ ರಜೆ ಹೊಂದಿಸಿಕೊಂಡು ಹೊರಟೆವು. ಈ ಬರಹ ಆ ಹಳೆಯ ಸಾಲಿಗೆ ನಮ್ಮದೇ ತಿದ್ದುಪಡಿ.

ಮೊದಲು ಅಳಿವೆಗೆ ಹೋದೆವು. ಜೋಗದಲ್ಲಿ ಧುಮುಕಿದ ಶರಾವತಿ ಇಲ್ಲಿ ಸಮುದ್ರ ಸೇರುತ್ತಾಳೆ. ಹೊಳೆ ಎಷ್ಟು ಅಗಲ ಎಂಬುದಕ್ಕೆ ರೈಲು ಸೇತುವೆಯೇ ಅಳತೆಗೋಲು. ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಇದು, ಎರಡು ಕಿಲೊಮೀಟರಿಗೂ ಹೆಚ್ಚು. ನಡುವೆ ಮಾವಿನಕುರ್ವೆಯಂಥ ನಡುಗಡ್ಡೆಗಳು, ತೆಂಗಿನ ಸಾಲು. ದೋಣಿಯಲ್ಲಿ ಕುಳಿತು ಬಾಡಿಗೆ ಚೌಕಾಸಿ ಮುಗಿಸಿ ತಲೆಯೆತ್ತಿದಾಗ ಮಾಸ್ತರರ ಮಾತು ಅರ್ಥವಾಗತೊಡಗಿತು. ಸಮುದ್ರದ ಅಬ್ಬರದಿಂದ ತಪ್ಪಿಸಿಕೊಂಡು ಹಾಯಿಹಡಗು ಒಳಗೆ ಬಂದು ನಿಲ್ಲಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಬಂದಿಳಿದದ್ದು ಈ ಹೊಳೆಬಾಯಿಗೇ. ಅವನು ಊರನ್ನು ‘ಹಿನಾವರ್’ ಎಂದು ಕರೆಯುತ್ತಾನೆ. ಆಗ ಇಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನನಿದ್ದ. ಅವನ ಮೇಲೆ ಹರ್ಯಬ್ ಎಂಬ ದೊಡ್ಡ ದೊರೆ ಇದ್ದ ಎಂದೂ ಬತೂತ ಬರೆಯುತ್ತಾನೆ. ಆ ದೊರೆ ವಿಜಯನಗರದ ಒಂದನೆಯ ಹರಿಹರ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಬತೂತನ ಬರಹದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಎರಡು ಸಂಗತಿ. ಮೊದಲನೆಯದು, ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಎಂಬುದು. ಬೇರೆಲ್ಲೂ ಹೀಗೆ ಕಾಣಲಿಲ್ಲ ಎಂದು ಅರ್ಧ ಜಗತ್ತು ಸುತ್ತಿದವನೇ ಬೆರಗಾಗುತ್ತಾನೆ. ಎರಡನೆಯದು ಊಟ. ಅನ್ನ, ಅದರ ಮೇಲೆ ತುಪ್ಪ, ಬದಿಗೆ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು. ಕೊನೆಗೆ ಮೊಸರು. ಆರುನೂರಎಂಬತ್ತು ವರ್ಷ ಕಳೆದಿದೆ. ಆ 36 ಶಾಲೆಗಳ ಒಂದು ಕಲ್ಲನ್ನೂ ನಾವು ಕಾಣಲಿಲ್ಲ. ಆದರೆ ಊಟದ ಕ್ರಮ ಹೆಚ್ಚುಕಡಿಮೆ ಹಾಗೇ ಇದೆ. ಮಧ್ಯಾಹ್ನ ಎಲೆಯ ಮುಂದೆ ಕೂತಾಗ ಇದನ್ನೇ ಮಾತಾಡಿ ನಕ್ಕೆವು.

ಕಲ್ಲು ಯಾಕೆ ಉಳಿಯಲಿಲ್ಲ? ಬಂದರು ಚೆನ್ನಾಗಿದ್ದದ್ದೇ ಅದರ ಶಾಪವಾಯಿತು. ವಿಜಯನಗರಕ್ಕೆ ಅರಬ್ ನಾಡಿನ ಕುದುರೆ ಇಳಿಯುತ್ತಿದ್ದ, ಮೆಣಸು, ಅಕ್ಕಿ ಹಡಗು ಹತ್ತುತ್ತಿದ್ದ ರೇವು ಇದು. 1505ರಲ್ಲಿ ಪೋರ್ಚುಗೀಸರ ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ಇಲ್ಲಿನ ಹಡಗುಗಳಿಗೆ ಬೆಂಕಿ ಇಟ್ಟ. ಐದೇ ವರ್ಷದಲ್ಲಿ ಇದೇ ಊರಿನ ನಾವಿಕ ನಾಯಕ, ಪೋರ್ಚುಗೀಸರ ಬಾಯಲ್ಲಿ ‘ತಿಮೋಜ’ನಾದವನು, ಆಲ್ಬುಕರ್ಕನ ಜೊತೆ ಸೇರಿ ಗೋವಾ ಗೆಲ್ಲಲು ನೆರವಾದ. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಹಿಡಿದು ಕೂತರು. ಮುಂದಿನ ಶತಮಾನದ ಮಧ್ಯದಲ್ಲಿ ಕೆಳದಿಯ ಶಿವಪ್ಪನಾಯಕ ಅವರನ್ನು ಎಬ್ಬಿಸಿದ. ಆಮೇಲೆ ಹೈದರಾಲಿ ಇಲ್ಲಿ ಯುದ್ಧನೌಕೆ ಕಟ್ಟುವ ಕೆಲಸ ಶುರುಮಾಡಿದ. 1783ರಲ್ಲಿ ಕೋಟೆ ಇಂಗ್ಲಿಷರ ಕೈಸೇರಿತು. ಟಿಪ್ಪುವಿನ ಸೇನೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. 1784ರ ಮಂಗಳೂರು ಒಪ್ಪಂದದ ನಂತರ ಊರು ಟಿಪ್ಪುವಿಗೆ ಮರಳಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗ ಕಂಡದ್ದು ಹಾಳುಬಿದ್ದ ಪೇಟೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಬ್ರಿಟಿಷರ ಕಣ್ಣು ಕಾರವಾರ ಬಂದರಿನ ಮೇಲೆ ನೆಟ್ಟಿತು. ಹೊನ್ನಾವರ ತಾಲ್ಲೂಕು ಕೇಂದ್ರವಾಗಿ ಉಳಿಯಿತು.

ಕೋಟೆ ಎನ್ನುವಂಥದ್ದು ಕಣ್ಣಿಗೆ ಕಾಣುವುದು ಸಮುದ್ರದಲ್ಲಿ. ಅಳಿವೆಯಿಂದ ಹೊರಗೆ, ವಾಯವ್ಯಕ್ಕೆ ಬಸವರಾಜದುರ್ಗ ಎಂಬ ಗುಡ್ಡದ್ವೀಪವಿದೆ. ಕೆಳದಿ ಅರಸರ ಕಾಲದ ಕೆಂಪು ಮುರಕಲ್ಲಿನ ಗೋಡೆ ಅಲ್ಲಿ ಇನ್ನೂ ನಿಂತಿದೆ. ಆ ದಿನ ಗಾಳಿ ಜೋರಿತ್ತು, ದೋಣಿಯವರು ಒಪ್ಪಲಿಲ್ಲ. ದೂರದಿಂದಲೇ ನೋಡಿದೆವು.

ಹಾಗಾದರೆ ಕಟ್ಟಡಗಳು? ಅವು ಹೊಳೆಯ ಮೇಲ್ಭಾಗದಲ್ಲಿವೆ. ಎರಡನೆಯ ದಿನ ಹೊನ್ನಾವರದಿಂದ ಸುಮಾರು 30 ಕಿ.ಮೀ. ದೂರದ ಗೇರುಸೊಪ್ಪೆಗೆ ಹೊರಟೆವು. ಈಗ ಹೆದ್ದಾರಿ ಇದೆ. ಆಗ ಹೊಳೆಯೇ ಹೆದ್ದಾರಿ. ಘಟ್ಟದ ಮೆಣಸು ಎತ್ತಿನ ಹೇರಿನಲ್ಲಿ ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರ ಸೇರಿ ಹಡಗು ಹತ್ತುತ್ತಿತ್ತು. ಗೇರುಸೊಪ್ಪೆ ರಾಜಧಾನಿ, ಹೊನ್ನಾವರ ಅದರ ಹೆಬ್ಬಾಗಿಲು. ಬಾಗಿಲಿನ ಮುಂದೆ ನಿಂತು ಮನೆ ಎಲ್ಲಿ ಎಂದು ಕೇಳಿದ್ದು ನಮ್ಮ ತಪ್ಪು.

ಇಲ್ಲಿಂದ 54 ವರ್ಷ, 1552ರಿಂದ 1606ರವರೆಗೆ, ಆಳಿದವಳು ಜೈನ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಕೊನೆಗೆ ಕೆಳದಿಯ ವೆಂಕಟಪ್ಪನಾಯಕ ರಾಜ್ಯ ಗೆದ್ದ, ರಾಣಿ ಸೆರೆಯಾದಳು.

ಇದಾದ 17 ವರ್ಷಕ್ಕೆ, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಈ ದಾರಿಯಲ್ಲಿ ಬಂದ. ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯಲ್ಲಿ ಇಳಿದ. ತಾನು ಕಂಡ ಅತಿ ಸುಂದರ ಹೊಳೆಗಳಲ್ಲಿ ಇದೂ ಒಂದು ಎಂದು ಬರೆದ. ಊರಿನ ಬಗ್ಗೆ ಬರೆದದ್ದು ಬೇರೆ: ಒಂದು ಕಾಲದ ದೊಡ್ಡ ಪಟ್ಟಣ ಈಗ ಮರಗಿಡ ಬೆಳೆದು ಹಾಳುಬಿದ್ದಿದೆ. ಬರೀ 17 ವರ್ಷದಲ್ಲಿ! ಮಲೆನಾಡಿನ ಮಳೆ ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಸೂರು ಹೋದ ಮನೆಯನ್ನು ಇಲ್ಲಿನ ಕಾಡು ನಾಲ್ಕು ಮಳೆಗಾಲದಲ್ಲಿ ನುಂಗುತ್ತದೆ.

ದೆಲ್ಲಾ ವಾಲ್ಲೆ ಇನ್ನೊಂದನ್ನೂ ಬರೆದಿದ್ದಾನೆ. ರಾಣಿ ಒಬ್ಬ ಸಾಮಾನ್ಯನ ಮೋಹಕ್ಕೆ ಬಿದ್ದು ರಾಜ್ಯ ಕಳೆದುಕೊಂಡಳಂತೆ. ವರದಿಗಾರರಾಗಿ ನಮಗೆ ಇಲ್ಲಿ ಕಿವಿ ನಿಮಿರಿತು. ಅವನು ಹೊರಟದ್ದು ರಾಣಿಯನ್ನು ಸೋಲಿಸಿದ ಅರಸನ ಆಸ್ಥಾನಕ್ಕೆ. ದಾರಿಯಲ್ಲಿ ಅವನ ಕಿವಿಗೆ ಬಿದ್ದದ್ದು ಗೆದ್ದವರ ಕಾಲದ ಮಾತು. ಐವತ್ತು ವರ್ಷ ಮೆಣಸಿನ ವ್ಯಾಪಾರ ನಡೆಸಿ, ಪೋರ್ಚುಗೀಸರ ಜೊತೆ ಕಾದಾಡುತ್ತ, ರಾಜಿಯಾಗುತ್ತ ನಾಡು ಉಳಿಸಿಕೊಂಡ ಹೆಂಗಸು ಸೋತಾಗ ಊರವರು ಹುಡುಕಿದ ಕಾರಣ ಅವಳ ಶೀಲ. ಒಂದೇ ಕಡೆಯ ಮಾತು ಕೇಳಿ ಬರೆದರೆ ಹೀಗಾಗುತ್ತದೆ ಎಂದು ಡಿಪ್ಲೊಮಾ ತರಗತಿಯಲ್ಲಿ ಹೇಳಿಕೊಟ್ಟದ್ದು ನೆನಪಾಯಿತು.

ಗೇರುಸೊಪ್ಪೆಯಲ್ಲಿ ಹೊಳೆ ದಾಟಿ ನಗರಬಸ್ತಿಕೇರಿಯ ಕಾಡಿನೊಳಗೆ ಹೋದರೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಒಬ್ಬ ತೀರ್ಥಂಕರ. ಶಿಖರವಿಲ್ಲ, ಹೊರಗೋಡೆಯಲ್ಲಿ ಕೆತ್ತನೆ ಇದೆ. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ವಿನ್ಯಾಸ ಪರಿಚಿತ ಅನಿಸುತ್ತದೆ. ಕಾರ್ಕಳದ್ದು ಊರ ನಡುವಿನ ಬಂಡೆಯ ಮೇಲೆ ಬಯಲಿಗೆ ನಿಂತಿದೆ, ಇದು ಕಾಡಿನ ನೆರಳಲ್ಲಿದೆ. ಸುತ್ತ ಇನ್ನೂ ಕೆಲವು ಬಸದಿಗಳು, ಬಿದ್ದ ಗೋಡೆಗಳು. ಜ್ವಾಲಾಮಾಲಿನಿ ಗುಡಿಯಲ್ಲಿ ಮಾತ್ರ ಇಂದಿಗೂ ಪೂಜೆ ನಡೆಯುತ್ತದೆ. ಬಸದಿಯ ಮುಂದೆ ಪುರಾತತ್ವ ಇಲಾಖೆಯ ಫಲಕವಿದೆ: ಇದು ರಕ್ಷಿತ ಸ್ಮಾರಕ, ಹಾಳುಮಾಡಿದರೆ ಶಿಕ್ಷೆ.

ಆ ಫಲಕದ ಮುಂದೆ ನಿಂತಾಗಲೇ ಮಾತು ಬೇರೆ ಕಡೆ ಹೊರಳಿತು. ಈ ಕಲ್ಲಿಗೆ ಫಲಕವಿದೆ. ಇದನ್ನು ಕಟ್ಟಲು ಹಣ ತಂದ ಹೊಳೆಗೆ ಯಾವ ಫಲಕವಿದೆ?

ಗೇರುಸೊಪ್ಪೆಯ ಮೇಲಿನ ಕಾಡು ಸಿಂಗಳೀಕಗಳ ಮನೆ. ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ, ಸಿಂಹದಂಥ ಬಾಲ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇವು ಕಾಡಿನಲ್ಲಿ ಬದುಕಿಲ್ಲ. ಮರದಿಂದ ಮರಕ್ಕೆ ಹೋಗುವ ಇವಕ್ಕೆ ಕೊಂಬೆಗಳ ಹಾದಿ ಕಡಿಯಬಾರದು. 2019ರಲ್ಲಿ ಸರ್ಕಾರ ಇಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ಘೋಷಿಸಿತು. ಅದೇ ಕಣಿವೆಯಲ್ಲಿ ತಲಕಳಲೆ ಹಾಗೂ ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ ಸರ್ಕಾರವೇ ಹೊರಟಿತು. ಕಾಡಿನ ಕಡೆಯವರು, ಊರಿನವರು ಬೇಡ ಎಂದು ಬೀದಿಗಿಳಿದರು.

ನಾಡಿಗೆ ಕರೆಂಟ್ ಬೇಡವೇ ಎಂಬ ಪ್ರಶ್ನೆ ಸರಿಯಾದದ್ದೇ. ಈ ಬರಹ ಟೈಪ್ ಮಾಡುತ್ತಿರುವ ಲ್ಯಾಪ್‌ಟಾಪ್‌ಗೂ ಶರಾವತಿಯ ಋಣವಿದೆ. ಆದರೆ ಈ ಹೊಳೆ ಈಗಾಗಲೇ ಕೊಟ್ಟದ್ದರ ಲೆಕ್ಕವನ್ನೂ ಇಡಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಮುಳುಗಡೆಯಾದ ಜನರ ಕಥೆ ಎಲ್ಲರಿಗೂ ಗೊತ್ತು. ಅಳಿವೆಯ ಕಥೆ ಅಷ್ಟು ಗೊತ್ತಿಲ್ಲ. ಮೊದಲು ಬೇಸಿಗೆಯಲ್ಲಿ ಹೊಳೆ ಬಡಕಲಾಗಿ ಸಮುದ್ರದ ಉಪ್ಪುನೀರು ಒಳಗೆ ಬರುತ್ತಿತ್ತು. ವಿದ್ಯುದಾಗಾರಗಳು ವರ್ಷವಿಡೀ ಸಿಹಿನೀರು ಬಿಡತೊಡಗಿದ ಮೇಲೆ ಉಪ್ಪು ಕಡಿಮೆಯಾಯಿತು. ಉಪ್ಪು ಬೇಕಿದ್ದ ಬಳಚು, ಚಿಪ್ಪಿಕಲ್ಲು ಸೊರಗಿದವು. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಅವು ಇಂದಿಗೂ ನೂರಾರು ಮನೆಗಳ ಅನ್ನ. ಘಟ್ಟದ ಮೇಲೆ ತಿರುಗಿಸಿದ ಗೇಟು ಅಳಿವೆಯ ಹೆಂಗಸಿನ ಬುಟ್ಟಿಯನ್ನು ಹೀಗೆ ಮುಟ್ಟುತ್ತದೆ.

ಸಂಜೆ ಮತ್ತೆ ಕೆಳಗೆ ಬಂದೆವು. ಕಾಸರಕೋಡಿನಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನ ನಡುವೆ ಮರದ ಹಾಸಿನ ಕಾಲುದಾರಿ ಮಾಡಿದೆ. ಇಳಿತದ ಹೊತ್ತು. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳ ನಡುವೆ ಏಡಿಗಳು ಓಡಾಡುತ್ತಿದ್ದವು, ಕೊಕ್ಕರೆಗಳು ಕಾಯುತ್ತಿದ್ದವು. ಅಲ್ಲೇ ಹತ್ತಿರದ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಇನ್ನೂ ಮುಂದೆ, ಅಳಿವೆಯ ತುದಿಯ ಟೊಂಕಾ. ಚಪ್ಪರದ ಕೆಳಗೂ ಮರಳಿನ ಮೇಲೂ ಹರಡಿದ ಒಣಮೀನು, ಅದನ್ನು ಮಗುಚುವ ಹೆಂಗಸರು.

ಈ ಮರಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಬರುತ್ತವೆ. ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ, ಹಿಂದೆ ನೋಡದೆ ಕಡಲಿಗೆ ಹೋಗುತ್ತವೆ. ಒಂದೂವರೆ ಎರಡು ತಿಂಗಳಿಗೆ ಮರಿ. ಮೊಟ್ಟೆಯಿರುವ ಜಾಗಕ್ಕೆ ಬಲೆಯ ಬೇಲಿ ಕಟ್ಟಿ ನಾಯಿ, ನರಿಗಳಿಂದ ಕಾಯುವವರು ಅರಣ್ಯ ಇಲಾಖೆಯವರು, ಅವರ ಜೊತೆಗೆ ಊರ ಮೀನುಗಾರರು. ಇದೇ ಟೊಂಕಾದಲ್ಲಿ ಖಾಸಗಿ ವಾಣಿಜ್ಯ ಬಂದರು ಕಟ್ಟುವ ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ನಾವೂ ಅದನ್ನು ವರದಿ ಮಾಡಿದವರೇ. ಪ್ರತಿಭಟನೆ, ಪೊಲೀಸ್ ಬಂದೋಬಸ್ತು, ಇಷ್ಟು ಜನ ವಶಕ್ಕೆ. ಇನ್ನೂರು ಪದ, ಒಂದು ಚಿತ್ರ. ಬಂದರು ಬಂದರೆ ಕೆಲಸ ಸಿಗುತ್ತದೆ ಎನ್ನುವವರ ಮಾತಿಗೂ ಅಲ್ಲಿ ಎರಡು ಸಾಲು. ಆದರೆ ಈ ಊರು ಏಳುನೂರು ವರ್ಷ ಬಂದರಾಗಿಯೇ ಬದುಕಿತ್ತು ಎಂಬುದಾಗಲಿ, ಬಂದರಿಗಾಗಿ ಎಷ್ಟು ಸಲ ಬೆಂದಿತು ಎಂಬುದಾಗಲಿ ಆ ವರದಿಗಳಲ್ಲಿ ಎಂದೂ ಬರಲಿಲ್ಲ.

ಮೀನು ಗುಡ್ಡೆ ಮಾಡುತ್ತಿದ್ದ ಅಮ್ಮನೊಬ್ಬರನ್ನು ಆಮೆಯ ಬಗ್ಗೆ ಕೇಳಿದೆವು. “ನಮ್ಮ ಅಜ್ಜಿ ಕಾಲದಲ್ಲೂ ಬರ್ತಿತ್ತು ತಮಾ. ಅದಕ್ಕೆ ಮರಳು ಬೇಕು, ನಮಗೂ ಮರಳೇ ಬೇಕು” ಎಂದು ಹೇಳಿ ಬುಟ್ಟಿ ಎತ್ತಿಕೊಂಡರು.

ಊರಿಗೆ ಮರಳಿ ಮಾಸ್ತರರಿಗೆ ಫೋನ್ ಮಾಡಿದೆವು. ಬಸದಿ ನೋಡಿದಿರಾ ಎಂದು ಕೇಳಿದರು. ನೋಡಿದೆವು ಅಂದೆವು. ಆಮೇಲೆ ಆ ಹಳೆಯ ಸಾಲನ್ನು ಹೇಗೆ ತಿದ್ದಬೇಕೆಂದು ನಾವಿಬ್ಬರೂ ಬಹಳ ಹೊತ್ತು ಕೂತೆವು. ಕೊನೆಗೆ ಬರೆದದ್ದು ಇಷ್ಟು: ಹೊನ್ನಾವರದಲ್ಲಿ ಉಳಿದಿರುವ ಅತಿ ಹಳೆಯದೆಂದರೆ ಅದರ ಹೊಳೆಬಾಯಿ. ಸುಲ್ತಾನ, ರಾಣಿ, ಪೋರ್ಚುಗೀಸರು, ಕೆಳದಿಯವರು, ಇಂಗ್ಲಿಷರು ಎಲ್ಲರೂ ಅದಕ್ಕಾಗಿಯೇ ಬಂದರು, ಹೋದರು. ಆಮೆ ಮಾತ್ರ ಇನ್ನೂ ಬರುತ್ತಿದೆ. ನೀವು ಹೋಗುವುದಾದರೆ ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಗೇರುಸೊಪ್ಪೆಗೆ ಬೆಳಗ್ಗೆ, ಟೊಂಕಾಕ್ಕೆ ಸಂಜೆ. ಮರಳಿನಲ್ಲಿ ಬಲೆಯ ಬೇಲಿ ಕಂಡರೆ ದೂರ ನಿಲ್ಲಿ, ರಾತ್ರಿಯಾದರೆ ಟಾರ್ಚ್ ಹಾಕಬೇಡಿ.