ರಾಜ್ಯದ ಗಡಿ, ಮತದ ಗಡಿ

1952ರ ಪ್ರಥಮ ಮಹಾಚುನಾವಣೆಯಲ್ಲಿ ಜತ್ತದವರೂ ವಿಜಾಪುರದವರೂ ಮುಂಬಯಿ ವಿಧಾನಸಭೆಗೇ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದರು. 1956ರ ನವೆಂಬರ್ 1ರಂದು ವಿಜಾಪುರವು ಮೈಸೂರು ರಾಜ್ಯವನ್ನು ಸೇರಿತು. ಜತ್ತ, ಮಿರಜ, ಸಾಂಗಲಿಗಳು ಮುಂಬಯಿಯಲ್ಲೇ ಉಳಿದವು. 1957ರಲ್ಲಿ ನೆಂಟರ ಮತ ಒಂದು ಸಭೆಗೆ, ನಮ್ಮವರ ಮತ ಇನ್ನೊಂದಕ್ಕೆ. ಉಮದಿ-ಚಡಚಣಗಳ ಕೊಟ್ಟು ತರುವ ಸಂಬಂಧವೇನೂ ಇದರಿಂದ ಕಡಿಯಲಿಲ್ಲವೆನ್ನಿ.

ಈ ಗಡಿಯನ್ನು ಎಲ್ಲರೂ ಬಲ್ಲರು. ಮತಕ್ಷೇತ್ರಗಳ ಗಡಿಯನ್ನು ಗಮನಿಸುವವರು ವಿರಳ. 2001ರ ಜನಗಣತಿಯನ್ನಾಧರಿಸಿದ ಕ್ಷೇತ್ರ ಪುನರ್ವಿಂಗಡಣೆಯು 2008ರಲ್ಲಿ ಜಾರಿಗೆ ಬಂದು, 2009ರ ಅಕ್ಟೋಬರ್ 13ರಂದು ಅದರಂತೆ ಮತದಾನ ನಡೆಯಿತು. ಅದುವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಜತ್ತವು ಸಾಮಾನ್ಯ ಕ್ಷೇತ್ರವಾಯಿತು. ಮೀಸಲಾತಿ ಮಿರಜಕ್ಕೆ ಬಂದಿತು. 2004ರಲ್ಲಿ ಜತ್ತದಿಂದ ಗೆದ್ದಿದ್ದ ಶ್ರೀ ಸುರೇಶ ಖಾಡೆಯವರೂ ಮಿರಜಕ್ಕೆ ಬಂದು ಗೆದ್ದರು. ಜತ್ತದಲ್ಲಿ ಶ್ರೀ ಪ್ರಕಾಶ ಶೆಂಡಗೆಯವರು ಆಯ್ಕೆಯಾದರು.

ಮೀಸಲಾತಿಯ ನ್ಯಾಯವನ್ನು ನಾವು ಪ್ರಶ್ನಿಸುವವರಲ್ಲ. ನಮ್ಮನ್ನು ಕಾಡುವ ಸಂಗತಿ ಬೇರೆ. 2002ರ ಪುನರ್ವಿಂಗಡಣಾ ಕಾಯಿದೆಯು ಭೂಲಕ್ಷಣ, ಆಡಳಿತದ ಎಲ್ಲೆ, ಸಂಪರ್ಕ ಸೌಕರ್ಯ, ಸಾರ್ವಜನಿಕರ ಅನುಕೂಲ ಇವನ್ನು ನೋಡಬೇಕೆನ್ನುತ್ತದೆ. ಮತದಾರನ ಭಾಷೆಯ ಪ್ರಸ್ತಾಪ ಅಲ್ಲಿಲ್ಲ. ಜತ್ತ ತಾಲೂಕು ಒಡೆಯದೆ ಒಂದೇ ಕ್ಷೇತ್ರವಾಗಿ ಉಳಿದುದು ಕನ್ನಡದ ಮೇಲಿನ ಕರುಣೆಯಿಂದಲ್ಲ, ತಾಲೂಕಿನ ಎಲ್ಲೆಯ ದೆಸೆಯಿಂದ. ಆದರೂ ಲಾಭ ನಮ್ಮದೇ: ಉಮದಿ, ಸಂಖ, ಮಾಡಗ್ಯಾಳಗಳ ಕನ್ನಡ ಮತಗಳು ಒಂದೆಡೆ ನಿಂತವು. ಮಿರಜ, ಸಾಂಗಲಿ ಪೇಟೆಗಳಲ್ಲಿ ಓಣಿಗೊಂದರಂತೆ ಚದುರಿದ ಕನ್ನಡ ಮನೆಗಳಿಗೆ ಆ ಬಲವೆಲ್ಲಿಯದು? ಮಹಾರಾಷ್ಟ್ರದ ಕ್ಷೇತ್ರಗಳ ಪಟ್ಟಿಯಲ್ಲಿ ಮಿರಜ 281ನೆಯದು, ಸಾಂಗಲಿ 282ನೆಯದು. ಕಟ್ಟಕಡೆಯ 288ನೆಯದು ಜತ್ತ.