ಬಾನಿನಿಂದ ನೆಲವನ್ನು ಓದಿದ ಫಿಲ್ಮು

ಕೂಕಟ್‌ಪಲ್ಲಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ನೆರೆಯ ಬಾಲಾನಗರದ ಪರಿಚಯ ಇದ್ದೇ ಇದೆ. ಅಲ್ಲಿಯ ಕಾರ್ಖಾನೆಗಳ ನಡುವೆ, ನೆಲವನ್ನು ಬಾನಿನಿಂದ ನೋಡಿ ತಿಳಿಯುವ ಸಂಸ್ಥೆಯೊಂದುಂಟು. 1974ರಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯೆಂದು ಆರಂಭವಾದ ಅದಕ್ಕೆ 2008ರಿಂದ ರಾಷ್ಟ್ರೀಯ ದೂರಸಂವೇದಿ ಕೇಂದ್ರವೆಂದು ಹೆಸರು. ಆ ಮೊದಲ ವರ್ಷಗಳಲ್ಲಿ ನೆಲವನ್ನು ಹತ್ತಿರದಿಂದ ನೋಡಬೇಕಾದರೆ ವಿಮಾನವೇ ಗತಿ. ನೋಡಿದ್ದನ್ನು ಹಿಡಿದಿಡಲು ಫಿಲ್ಮೇ ಆಧಾರ.

ಈ ಫಿಲ್ಮು ನಮ್ಮ ಮನೆಯ ಕ್ಯಾಮರಾದ ಫಿಲ್ಮಿನಂಥದಲ್ಲ. ಅದರ ಅಗಲ ಸುಮಾರು 24 ಸೆಂಟಿಮೀಟರು. ಒಂದು ಚಿತ್ರದ ನೂರಕ್ಕೆ ಸುಮಾರು 60 ಭಾಗ ಮುಂದಿನ ಚಿತ್ರದಲ್ಲಿಯೂ ಬರುವಂತೆ ಸಾಲುಸಾಲಾಗಿ ತೆಗೆಯುತ್ತಿದ್ದರು. ಎರಡನ್ನೂ ಜೋಡಿಸಿ ನೋಡಿದರೆ ಗುಡ್ಡ ಎದ್ದು, ಹಳ್ಳ ತಗ್ಗಿ ಕಾಣುವುದು.

ಯಾವ ಫಿಲ್ಮನ್ನು ಆರಿಸಬೇಕು? ನಕ್ಷೆಗೆ ಕಪ್ಪು ಬಿಳುಪಿನದೇ ಸಾಕು. ಗಾಳಿಯ ಮಬ್ಬನ್ನು ಕಳೆಯಲು ಮಸೂರದ ಮುಂದೆ ಹಳದಿ ಗಾಜನ್ನಿಡುತ್ತಿದ್ದರು. ವಿಮಾನ ಓಡುತ್ತಿರುವಾಗ ಚಿತ್ರ ಕದಡದಿರಲು ಚುರುಕಾದ ಫಿಲ್ಮು ಬೇಕು. ಆದರೆ ಚುರುಕು ಹೆಚ್ಚಿದಷ್ಟೂ ಚಿತ್ರದ ಕಣ ದಪ್ಪವಾಗಿ ಸೂಕ್ಷ್ಮ ವಿವರ ಮಾಸುವುದು. ಇವೆರಡರ ನಡುವೆ ಹದ ಕಾಣುವುದೇ ಜಾಣತನ. ನೀರಿನ ಅಂಚು ತಿಳಿಯಬೇಕಾದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಡಿಯುವ ಫಿಲ್ಮು ಬೇಕು. ಅದರಲ್ಲಿ ಕೆರೆ ಕಪ್ಪಾಗಿ, ದಡದಿಂದ ಬೇರೆಯಾಗಿ ನಿಲ್ಲುವುದು.

ಬಣ್ಣದ ಅವಕೆಂಪು ಫಿಲ್ಮಿನ ಕಥೆ ಇನ್ನೂ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಹಸಿರು ಬಣ್ಣ ಬಳಿದು ಮರೆಮಾಡಿದ ಠಾಣ್ಯಗಳನ್ನು ಪತ್ತೆಹಚ್ಚಲು ಅದು ಬಳಕೆಗೆ ಬಂತು. ಜೀವವುಳ್ಳ ಎಲೆ ಅದರಲ್ಲಿ ಕೆಂಪಾಗಿ ಕಾಣುವುದು; ಬಳಿದ ಬಣ್ಣ ಹಾಗೆ ಕಾಣದು. ಯುದ್ಧದ ಈ ಉಪಾಯವೇ ಮುಂದೆ ರೈತನಿಗೆ ಒದಗಿತು. 1970ರ ಸುಮಾರಿಗೆ ಕೇರಳದಲ್ಲಿ ಪಿ. ಆರ್. ಪಿಶಾರೋಟಿಯವರು ತೆಂಗಿನ ಬೇರುರೋಗವನ್ನು ಹೆಲಿಕಾಪ್ಟರಿನಿಂದ ಈ ಫಿಲ್ಮಿನಲ್ಲಿ ಗುರುತಿಸಿದರು. 1974–75ರಲ್ಲಿ ಪಂಜಾಬಿನ ಪಟಿಯಾಲದೊಂದಿಗೆ, ನಮ್ಮ ಗಡಿಗೆ ತಾಗಿದ ಅನಂತಪುರದಲ್ಲಿಯೂ ಬೆಳೆಗಳ ಸಮೀಕ್ಷೆ ಈ ಬಗೆಯಲ್ಲಿ ನಡೆಯಿತು.

ಈ ಅನುಭವ ಮುಂದೆ ಉಪಗ್ರಹದ ಕೆಲಸಕ್ಕೆ ತಳಹದಿಯಾಯಿತು. 1988ರ ಮಾರ್ಚ್ 17ರಂದು ಪ್ರಯೋಗದ ಹಂತ ದಾಟಿ ನಿಯತ ಸೇವೆಗೆ ನಿಂತ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಮೇಲೇರಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಎಂಬುದು ಕನ್ನಡಿಗರಿಗೆಲ್ಲ ಅಭಿಮಾನದ ಸಂಗತಿ. ಅದು ಕಳುಹಿದ ಚಿತ್ರಗಳನ್ನು ಹೈದರಾಬಾದಿನ ಸಮೀಪದ ಶಾದ್‌ನಗರದ ನೆಲೆಯಲ್ಲಿ ಪಡೆಯಲಾಯಿತು.

ಈಗ ವಿಮಾನಗಳಲ್ಲಿಯೂ ಡಿಜಿಟಲ್ ಕ್ಯಾಮರಾ ಬಂದು, ಫಿಲ್ಮಿನ ಕಾಲ ಮುಗಿದಿದೆ. ಆದರೆ ಹಳೆಯ ಫಿಲ್ಮಿನ ಬೆಲೆ ಮುಗಿದಿಲ್ಲ. ಹೈದರಾಬಾದಿನ ಎಷ್ಟೋ ಕೆರೆಗಳು ಮನೆಗಳ ಕೆಳಗೆ ಕುಗ್ಗಿಹೋಗಿವೆ. ಕೆರೆಯ ದಡ ಹಿಂದೆ ಎಲ್ಲಿತ್ತೆಂಬ ವಿವಾದ ಎದ್ದಾಗ ಬಾಯಿಮಾತಿಗಿಂತ ಬಲವಾದ ಸಾಕ್ಷಿ ಅಂದಿನ ಚಿತ್ರವೇ. ಅಂದು ತಕ್ಕ ಫಿಲ್ಮನ್ನು ಆರಿಸಿದ್ದರೆ ಆ ಸಾಕ್ಷಿ ಸ್ಪಷ್ಟವಾಗಿ ನುಡಿಯುತ್ತದೆ, ಇಲ್ಲವಾದರೆ ತೊದಲುತ್ತದೆ. ಹೊಟ್ಟೆಪಾಡಿಗೆ ಬಂದು ಈ ಊರಿನ ನೀರು ಕುಡಿದು ಬೆಳೆದವರು ನಾವು. ತಾಯ್ನಾಡಿನ ಕೆರೆಗಳನ್ನು ನೆನೆಯುವ ನಾವು ಈ ಊರಿನ ಕೆರೆಗಳ ಚರಿತ್ರೆಯನ್ನೂ ಅರಿತು, ಉಳಿದವನ್ನು ಉಳಿಸಲು ನೆರವಾಗುವುದು ನಮ್ಮ ಕರ್ತವ್ಯ.