ಮುಗಿಲಿನಲ್ಲಿ ಇಟ್ಟ ದಫ್ತರ

ಬಾದಾಮಿಯ ಬಂಡೆಯೊಂದರ ಮೇಲೆ ಚಾಲುಕ್ಯ ದೊರೆ ಒಂದನೆಯ ಪುಲಕೇಶಿಯ ಚಿಕ್ಕದೊಂದು ಶಾಸನವಿದೆ. ವಾತಾಪಿಯ ಬೆಟ್ಟವನ್ನು ಶತ್ರುಗಳಿಗೆ ಅಸಾಧ್ಯವಾದ ಕೋಟೆಯನ್ನಾಗಿ ಮಾಡಿದನೆಂಬುದು ಅದರ ಸಾರ. ಆದರೆ ಆ ಸಂಗತಿಗಿಂತ ಮೊದಲು ಶಾಸನ ಹೇಳುವುದು ಕಾಲವನ್ನು: ಶಕವರ್ಷ 465, ಎಂದರೆ ಕ್ರಿ.ಶ. 543. ಕರ್ನಾಟಕದಲ್ಲಿ ಶಕವರ್ಷ ಸ್ಪಷ್ಟವಾಗಿ ನಮೂದಾದ ಅತಿ ಹಳೆಯ ಶಾಸನಗಳಲ್ಲಿ ಇದೂ ಒಂದು. ಚಾಲುಕ್ಯರ ಆರಂಭಕಾಲದ ಇತಿಹಾಸಕ್ಕೆ ಈ ಒಂದು ತೇದಿ ಗಟ್ಟಿಯಾದ ಆಧಾರವಾಗಿದೆ.

ಬರೆಯುವುದು ಒಂದು ಕೆಲಸ, ಬರೆದದ್ದು ಬೇಕಾದಾಗ ಕೈಗೆ ಸಿಗುವಂತೆ ಇಡುವುದು ಇನ್ನೊಂದು ಕೆಲಸ. ಮನೆಯ ಕಾಗದಪತ್ರ, ಅಂಗಡಿಯ ಲೆಕ್ಕ, ಮಕ್ಕಳ ಅಂಕಪಟ್ಟಿ ಎಲ್ಲವೂ ಈಗ ಮೊಬೈಲ್ ಮೂಲಕ ‘ಕ್ಲೌಡ್’ ಎಂಬ ಕಾಣದ ಕಪಾಟು ಸೇರುತ್ತಿವೆ. ಈ ಕಪಾಟನ್ನು ಬಳಸುವ ಕ್ರಮ ಹೊಸದೆನಿಸಬಹುದು. ಆದರೆ ಅದು ಕೇಳುವ ಪ್ರಶ್ನೆಗಳು ಹಳೆಯವು. ಬಾಗಲಕೋಟೆ ಜಿಲ್ಲೆಯ ನೆಲ ಅವುಗಳಿಗೆ ಹದಿನಾಲ್ಕು ಶತಮಾನಗಳಿಂದ ಉತ್ತರ ಹುಡುಕುತ್ತ ಬಂದಿದೆ.

ಮೊದಲ ಪ್ರಶ್ನೆ ಗುರುತಿನದು. ಹುನಗುಂದ ಸೀಮೆಯ ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ಬರೆದ ಶಾಸನ ಇಮ್ಮಡಿ ಪುಲಕೇಶಿಯ ವಿಜಯಗಳ ಕಥೆಯೆಂದು ಪ್ರಸಿದ್ಧ. ಕವಿ ಅದರ ಕಾಲವನ್ನು ಎರಡು ಲೆಕ್ಕಗಳಲ್ಲಿ ಹೇಳಿದ್ದಾನೆ: ಭಾರತ ಯುದ್ಧವಾಗಿ 3735 ವರ್ಷ, ಶಕವರ್ಷ 556. ಹೀಗಾಗಿ ಅದು ಕ್ರಿ.ಶ. 634-35ರದೆಂದು ಇಂದಿಗೂ ಖಚಿತವಾಗಿ ಹೇಳಬಹುದಾಗಿದೆ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಮೊಬೈಲಿನಲ್ಲಿ ಸಾವಿರಾರು ಚಿತ್ರಗಳಿದ್ದು ಎಲ್ಲಕ್ಕೂ ಯಂತ್ರವೇ ಕೊಟ್ಟ ಅಂಕಿಗಳ ಹೆಸರಿದ್ದರೆ, ಕಳೆದ ದೀಪಾವಳಿಗೆ ಹೋದ ಗೋಮಿ ದಡಿಯ ಬಿಲ್ಲನ್ನು ಹುಡುಕಲು ಅರ್ಧ ದಿನ ಬೇಕು. ‘2025-03-15 ಗೋಮಿ ದಡಿ ಬಿಲ್’ ಎಂದು ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರುವಂತೆ ಹೆಸರಿಟ್ಟರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಎರಡನೆಯದು ಅಳಿಸುವ ಅಧಿಕಾರದ ಪ್ರಶ್ನೆ. ಬಾದಾಮಿಯ ಮೂರನೆಯ ಗುಹೆಯ ಬಳಿ ಮಂಗಲೇಶನ ಕನ್ನಡ ಶಾಸನವಿದೆ. ಲಂಜಿಗೇಸರವೆಂಬ ಊರನ್ನು ದೇವರಿಗೆ ದತ್ತಿ ಬಿಟ್ಟದ್ದನ್ನು ಹೇಳಿ, ಇದನ್ನು ಅಳಿದವನು ಪಂಚಮಹಾಪಾತಕಿಯಾಗಿ ಏಳನೆಯ ನರಕದ ಹುಳುವಾಗುತ್ತಾನೆಂದು ಅದು ಎಚ್ಚರಿಸುತ್ತದೆ. ಶಾಪವೇ ಅಂದಿನ ಬೀಗ. 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಗೆದ್ದು ಅಲ್ಲಿನ ಬಂಡೆಯ ಮೇಲೆ ತನ್ನದೇ ಶಾಸನ ಬರೆಸಿದ. ಚಾಲುಕ್ಯರ ಈ ಬರಹಗಳು ಅದಾದ ಮೇಲೂ ಉಳಿದು ಬಂದಿವೆ. ಕ್ಲೌಡಿನಲ್ಲಿ ಶಾಪಕ್ಕೆ ಬೆಲೆಯಿಲ್ಲ, ಅನುಮತಿಗೆ ಬೆಲೆ. ಒಂದು ಕಡತವನ್ನು ಹತ್ತು ಜನರಿಗೆ ಹತ್ತು ಪ್ರತಿ ಮಾಡಿ ಕಳಿಸಿದರೆ ಯಾವುದು ಸರಿಯಾದದ್ದೆಂಬ ಗೊಂದಲ ಹುಟ್ಟುತ್ತದೆ. ಅದರ ಬದಲು ಒಂದೇ ಕಡತದ ಕೊಂಡಿ ಕಳಿಸಿದರೆ ಎಲ್ಲರೂ ಒಂದೇ ಪ್ರತಿಯನ್ನು ನೋಡುತ್ತಾರೆ, ಜಾಗವೂ ಉಳಿಯುತ್ತದೆ. ಆದರೆ ಯಾರಿಗೆ ಓದಲು ಮಾತ್ರ, ಯಾರಿಗೆ ತಿದ್ದಲು ಅನುಮತಿ ಎಂಬುದನ್ನು ಮೊದಲೇ ನಿರ್ಧರಿಸಬೇಕು.

ಮೂರನೆಯದು ಪ್ರತಿಯ ಪ್ರಶ್ನೆ, ಎಲ್ಲಕ್ಕಿಂತ ದೊಡ್ಡದು. ಬಂಡೆ ಗಟ್ಟಿ, ಆದರೆ ಒಯ್ಯಲು ಬಾರದು. ಆದ್ದರಿಂದಲೇ ದಾನ ಪಡೆದವರ ಮನೆಗೆ ತಾಮ್ರಪಟ ಹೋಗುತ್ತಿತ್ತು. ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ ವರಾಹ ಮುದ್ರೆ ಒತ್ತಿದರೆ ನಡುವೆ ಹಲಗೆ ಸೇರಿಸುವುದು ಕಷ್ಟ. ಮುಂದೆ ಕಾಗದದ ಕಾಲದಲ್ಲಿ ಊರಿನ ಹೊಲಗಳ ಲೆಕ್ಕ ಕುಲಕರ್ಣಿಯ ದಫ್ತರಕ್ಕೆ ಬಂತು, ಅರಿವೆಯ ರುಮಾಲಿನಲ್ಲಿ ಗಂಟು ಕಟ್ಟಿಕೊಂಡು ಕುಳಿತಿತು. ದಫ್ತರ ಯಾರ ಕೈಯಲ್ಲಿತ್ತೋ ಊರಿನ ಹಕ್ಕುಗಳ ಕೀಲಿಯೂ ಅವರ ಕೈಯಲ್ಲಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯಿದೆಯಿಂದ ರದ್ದಾಯಿತು, ಕೈಬರಹದ ಉತಾರ ಮಾತ್ರ ಉಳಿಯಿತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ ಆ ಗಂಟು ಬಿಚ್ಚಿತು.

ಕಾಗದಕ್ಕೆ ನೀರೇ ವೈರಿ ಎಂಬುದನ್ನು ಈ ಜಿಲ್ಲೆಗೆ ಬೇರೆ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗ ಬಲಿಯಾಗಿ ನವನಗರ ಎದ್ದಿತು. ಮುಳುಗಿದ ಮನೆ ಯಾರದೆಂಬುದಕ್ಕೆ ಆಗ ಕಾಗದವೇ ಸಾಕ್ಷಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು, ಪಟ್ಟದಕಲ್ಲಿನ ಗುಡಿಗಳೂ ಜಲಾವೃತವಾದವು. ಕಲ್ಲಿನ ಗುಡಿ ನೀರಿಳಿದ ಮೇಲೆ ಮೊದಲಿನಂತೆ ನಿಲ್ಲುತ್ತದೆ, ಪೆಟ್ಟಿಗೆಯೊಳಗಿನ ಖರೀದಿ ಪತ್ರ ನಿಲ್ಲದು.

ಕ್ಲೌಡ್ ಎಂದರೆ ಮುಗಿಲಲ್ಲ, ದೂರದ ಕಟ್ಟಡಗಳಲ್ಲಿರುವ ಗಣಕಯಂತ್ರಗಳು. ಅಲ್ಲಿ ಕಡತಕ್ಕೆ ಒಂದಕ್ಕಿಂತ ಹೆಚ್ಚು ಪ್ರತಿಗಳಿರುತ್ತವೆ, ಮಲಪ್ರಭೆಯ ನೀರು ಅಲ್ಲಿಗೆ ಮುಟ್ಟದು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್‌ನಲ್ಲಿ ಇಲಾಖೆಗಳೇ ನೇರವಾಗಿ ನೀಡಿದ ದಾಖಲೆಗೆ ಮೂಲಪತ್ರದಷ್ಟೇ ಮಾನ್ಯತೆಯುಂಟು. ಮನೆಯಲ್ಲಿ ಫೋಟೊ ತೆಗೆದು ಸೇರಿಸಿದ್ದಕ್ಕೆ ಆ ಮಾನ್ಯತೆಯಿಲ್ಲ. ಆದ್ದರಿಂದ ಮೂಲ ಕಾಗದವನ್ನೂ ಕಾಯಬೇಕು.

ಈ ಕಪಾಟಿಗೂ ಮಿತಿಗಳಿವೆ. ಗೂಗಲ್ ಉಚಿತವಾಗಿ ಕೊಡುತ್ತ ಬಂದಿರುವ 15 ಜಿಬಿ ಜಾಗದಲ್ಲಿ ಅಂಚೆ, ಚಿತ್ರ, ಕಡತ ಮೂರೂ ಪಾಲುದಾರರು. ಮದುವೆಯ ವಿಡಿಯೊ ಜಾಗವನ್ನೆಲ್ಲ ತಿಂದರೆ ಉತಾರಕ್ಕೆ ಸ್ಥಳವಿರದು. ಮೊಬೈಲಿಗೂ ಕ್ಲೌಡಿಗೂ ನಂಟು ಹಾಕಿದ ಕಡತವನ್ನು ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 30 ದಿನವಿದ್ದು ಅದು ಪೂರ್ತಿ ಮಾಯವಾಗುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನೇ ತೆಗೆದುಹಾಕುವ ನಿಯಮವೂ 2023ರಲ್ಲಿ ಬಂದಿದೆ. ಮುಖ್ಯವಾದ ಹತ್ತಿಪ್ಪತ್ತು ಪತ್ರಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೋ ಬೇರೆ ಊರಿನ ಬಂಧುವಿನ ಬಳಿಯೋ ಇಡುವುದು ಕ್ಷೇಮ. ಖಾತೆಯ ಗುಟ್ಟು ಮನೆಯ ಇನ್ನೊಬ್ಬರಿಗೂ ತಿಳಿದಿರಬೇಕು. ಇಲ್ಲವಾದರೆ ಯಜಮಾನನ ಕಾಲಾನಂತರ ಪತ್ರಗಳಿದ್ದೂ ಇಲ್ಲದಂತೆ.

ಲಂಜಿಗೇಸರದ ದತ್ತಿ ಇಂದಿಗೂ ಓದಲು ಸಿಗುವುದು ಕಲ್ಲಿನ ಗಟ್ಟಿತನದಿಂದ ಮಾತ್ರವಲ್ಲ. ಏನು ಕೊಟ್ಟದ್ದು, ಯಾರಿಗೆ ಕೊಟ್ಟದ್ದು ಎಂಬುದನ್ನು ಬರೆಸಿದವರು ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಇಟ್ಟರು. ಕಪಾಟು ಬದಲಾಗಿದೆ. ಕಾಗದವನ್ನು ನಂಬಿ ಬದುಕುವ ಕುಟುಂಬದ ಹಕ್ಕು ಈಗಲೂ ಅಷ್ಟೇ ಶಿಸ್ತನ್ನು ಕೇಳುತ್ತದೆ.